ಬಿಮ್ ಕಲಿಯಲು ಹೊರಟವರು ಪದೇ ಪದೇ ಕೇಳುವ ಪ್ರಶ್ನೆಗಳು: ಒಬ್ಬ ಸಿವಿಲ್ ವಿದ್ಯಾರ್ಥಿಯ ಅನುಭವದಿಂದ

ಸಿವಿಲ್ ಎಂಜಿನಿಯರಿಂಗಿನ ಮೂರನೇ ವರ್ಷದಲ್ಲಿ ನಾನು ಬಿಮ್ ಕಲಿಯಲು ಶುರುಮಾಡಿದೆ. ಈಗ ಓದು ಮುಗಿಯುತ್ತಾ ಬಂದಿದೆ. ನಡುವೆ ಆರು ತಿಂಗಳು ಒಂದು ಡಿಸೈನ್ ಕಚೇರಿಯಲ್ಲಿ ಇಂಟರ್ನ್ ಆಗಿ ಕೂತು ನಿಜವಾದ ಕಟ್ಟಡಗಳ ಮಾಡೆಲ್ ಮೇಲೆ ಕೆಲಸ ಮಾಡಿದ್ದೇನೆ. ಜೂನಿಯರ್‌ಗಳು ಬಂದು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಪ್ರತಿ ಸಲ ಅರ್ಧಂಬರ್ಧ ಹೇಳಿ ಕಳಿಸುವ ಬದಲು, ಸಮಾಧಾನವಾಗಿ ಕೂತು ಒಂದು ಕಡೆ ಬರೆದಿಡುತ್ತಿದ್ದೇನೆ.

ಬಿಮ್ ಅಂದರೆ 3ಡಿ ಡ್ರಾಯಿಂಗ್ ತಾನೆ?

ಅಲ್ಲ. ನಾನೂ ಹಾಗೇ ಅಂದುಕೊಂಡಿದ್ದೆ, ಅದಕ್ಕೇ ಮೊದಲ ಎರಡು ತಿಂಗಳು ದಂಡವಾಯಿತು.

ಬಿಮ್ ಎಂದರೆ ಬಿಲ್ಡಿಂಗ್ ಇನ್ಫರ್ಮೇಷನ್ ಮಾಡೆಲಿಂಗ್. (ಬೀಮ್ ಎಂದರೆ ತೊಲೆ, ಬಿಮ್ ಎಂದರೆ ಇದು. ಫೋನಿನಲ್ಲಿ ಮಾತಾಡುವಾಗ ಎರಡೂ ಒಂದೇ ಥರ ಕೇಳಿಸುವುದರಿಂದ ಎಷ್ಟೋ ಜನ ಬಿಐಎಂ ಎಂದು ಬಿಡಿಸಿಯೇ ಹೇಳುತ್ತಾರೆ.) ಗೆರೆ ಎಳೆದು ನಕ್ಷೆ ಬರೆಯುವ ಸಾಫ್ಟ್‌ವೇರ್ ಆಟೋಕ್ಯಾಡಿನಲ್ಲಿ ಎರಡು ಸಮಾನಾಂತರ ಗೆರೆ ಎಳೆದರೆ ಅದು ಗೋಡೆ ಎಂದು ಗೊತ್ತಿರುವುದು ನಿಮಗೆ ಮಾತ್ರ, ಕಂಪ್ಯೂಟರಿಗೆ ಅವು ಬರೀ ಎರಡು ಗೆರೆ. ಬಿಮ್ ಮಾಡೆಲಿನಲ್ಲಿ ಗೋಡೆ ಹಾಕಿದರೆ ಅದು ಗೋಡೆ ಎಂದು ಸಾಫ್ಟ್‌ವೇರಿಗೂ ಗೊತ್ತು. ಎಷ್ಟು ದಪ್ಪ, ಒಳಗೆ ಯಾವ ಬ್ಲಾಕ್, ಹೊರಗೆ ಎಷ್ಟು ಗಾರೆ, ಯಾವ ಮಹಡಿಯಿಂದ ಯಾವ ಮಹಡಿಯವರೆಗೆ, ಅದರಲ್ಲಿ ಎಷ್ಟು ಬಾಗಿಲು ಕೂತಿವೆ, ಎಲ್ಲವೂ ಅದರ ಜೊತೆಗೇ ಇರುತ್ತವೆ. ಗೋಡೆಯನ್ನು 200 ಮಿಲಿಮೀಟರ್ ಪಕ್ಕಕ್ಕೆ ಸರಿಸಿದರೆ ಪ್ಲ್ಯಾನ್ (ಮೇಲಿನಿಂದ ಕಾಣುವ ನಕ್ಷೆ), ಸೆಕ್ಷನ್ (ಸೀಳಿ ನೋಡಿದ ನೋಟ), ಎಲಿವೇಷನ್ (ಹೊರಮುಖದ ನೋಟ) ಮೂರೂ ಒಟ್ಟಿಗೆ ಬದಲಾಗುತ್ತವೆ. ಕೋಣೆಯ ವಿಸ್ತೀರ್ಣದ ಪಟ್ಟಿಯೂ ಬದಲಾಗುತ್ತದೆ.

ಹಾಗಾಗಿ 3ಡಿ ಎನ್ನುವುದು ಇದರ ಮುಖ ಅಷ್ಟೇ. ಜೀವ ಇರುವುದು ಬಿಐಎಂ ಎನ್ನುವಾಗಿನ ನಡುವಿನ 'ಐ' ಅಕ್ಷರದಲ್ಲಿ, ಅಂದರೆ ಇನ್ಫರ್ಮೇಷನ್‌ನಲ್ಲಿ, ಮಾಹಿತಿಯಲ್ಲಿ.

ಇದು ಈಚೆಗೆ ಬಂದ ಹೊಸ ಫ್ಯಾಷನ್ನೇ? ಇನ್ನೈದು ವರ್ಷಕ್ಕೆ ಹೋಗಿಬಿಡುತ್ತದೆಯೇ?

ಈ ಭಯ ನನಗೂ ಇತ್ತು. ಇದರ ಇತಿಹಾಸ ಓದಿದ ಮೇಲೆ ಹೋಯಿತು. ಚಾರ್ಲ್ಸ್ ಈಸ್ಟ್‌ಮನ್ ಎಂಬ ವಿದ್ವಾಂಸರು 1975ರಲ್ಲೇ ಕಾಗದದ ಡ್ರಾಯಿಂಗ್ ಬದಲು ಕಂಪ್ಯೂಟರಿನಲ್ಲಿ ಕಟ್ಟಡದ ವಿವರಣೆಯನ್ನೇ ಇಟ್ಟುಕೊಳ್ಳುವ ವ್ಯವಸ್ಥೆಯ ಬಗ್ಗೆ ಬರೆದಿದ್ದರು. ಒಂದು ಕಡೆ ತಿದ್ದಿದರೆ ಎಲ್ಲ ಡ್ರಾಯಿಂಗಿನಲ್ಲೂ ತಾನಾಗಿ ತಿದ್ದುಪಡಿ ಆಗಬೇಕು ಎನ್ನುವ ಮಾತು ಅಲ್ಲೇ ಇದೆ. 1980ರ ದಶಕದಲ್ಲಿ ಹಂಗೇರಿಯ ಗ್ರಾಫಿಸಾಫ್ಟ್ ಕಂಪನಿಯ ಆರ್ಕಿಕ್ಯಾಡ್ ಎಂಬ ಬಿಮ್ ಸಾಫ್ಟ್‌ವೇರ್ ಬಂತು. ರೆವಿಟ್ ಎಂಬ ಇನ್ನೊಂದು ಬಿಮ್ ಸಾಫ್ಟ್‌ವೇರ್ ಮೊದಲು ಬಿಡುಗಡೆಯಾದದ್ದು 2000ದಲ್ಲಿ, ಅದನ್ನು ಆಟೋಕ್ಯಾಡ್ ಮಾಡುವ ಆಟೋಡೆಸ್ಕ್ ಕಂಪನಿ ಕೊಂಡುಕೊಂಡದ್ದು 2002ರಲ್ಲಿ. ಬ್ರಿಟನ್ ಸರ್ಕಾರ 2016ರ ಏಪ್ರಿಲಿನಿಂದ ಕೇಂದ್ರ ಸರ್ಕಾರದ ಕಟ್ಟಡ ಕಾಮಗಾರಿಗಳಿಗೆ ಬಿಮ್ ಕಡ್ಡಾಯ ಮಾಡಿತು. 2018ರಲ್ಲಿ ಬಿಮ್ ಮಾಹಿತಿಯನ್ನು ಹೇಗೆ ನಿರ್ವಹಿಸಬೇಕೆಂದು ಹೇಳುವ ಐಎಸ್ಒ 19650 ಎಂಬ ಅಂತಾರಾಷ್ಟ್ರೀಯ ಮಾನದಂಡದ ಮೊದಲ ಭಾಗಗಳು ಬಂದವು.

ಅಂದರೆ ಈ ಯೋಚನೆಗೆ ಐವತ್ತು ವರ್ಷ ತುಂಬಿದೆ. ಸಾಫ್ಟ್‌ವೇರ್ ಹೆಸರು ಬದಲಾದೀತು, ಯೋಚನೆ ಎಲ್ಲೂ ಹೋಗುವುದಿಲ್ಲ.

ಸಾಫ್ಟ್‌ವೇರ್ ಬಂದರೆ ಸಾಕೇ? ಸಿವಿಲ್ ವಿಷಯ ಎಷ್ಟು ಗೊತ್ತಿರಬೇಕು?

ಈ ಇಡೀ ಬರಹದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ.

ನಾನು ಮೊದಲು ಒಂದು ತರಬೇತಿ ಕೇಂದ್ರಕ್ಕೆ ಸೇರಿದ್ದೆ. ಅಲ್ಲಿ ಕಮಾಂಡ್ ಹೇಳಿಕೊಟ್ಟರು. ಗೋಡೆ ಹೀಗೆ, ಬಾಗಿಲು ಹೀಗೆ, ಮೆಟ್ಟಿಲು ಹೀಗೆ ಎಂದು ಅವರು ಒತ್ತಿದ ಬಟನ್ನನ್ನೇ ನಾವೂ ಒತ್ತಿದೆವು. ನಲವತ್ತು ದಿನದಲ್ಲಿ ಎರಡು ಮಹಡಿಯ ಮನೆ ತೆರೆಯ ಮೇಲೆ ಎದ್ದು ನಿಂತಿತು. ನನಗೆ ಬಿಮ್ ಬಂತು ಎಂದೇ ನಂಬಿದ್ದೆ.

ಆಮೇಲೆ ನನ್ನದೇ ಒಂದು ಮಾಡೆಲ್ ಮಾಡೋಣ ಎಂದು, ಎರಡನೇ ವರ್ಷದಲ್ಲಿ ನಾನೇ ಆಟೋಕ್ಯಾಡಿನಲ್ಲಿ ಬರೆದಿದ್ದ, ಒಳ್ಳೆಯ ಅಂಕವೂ ಬಂದಿದ್ದ ಪ್ಲ್ಯಾನನ್ನು ತೆಗೆದುಕೊಂಡೆ. ಗೋಡೆ, ಕಾಲಂ (ಕಂಬ), ಸ್ಲ್ಯಾಬ್ ಎಲ್ಲ ಸಲೀಸಾಗಿ ಬಂತು. ಮೆಟ್ಟಿಲಿನ ಹತ್ತಿರ ಕೈ ನಿಂತಿತು.

ಮಹಡಿಯಿಂದ ಮಹಡಿಗೆ 3200 ಮಿಲಿಮೀಟರ್. ಒಂದು ಮೆಟ್ಟಿಲ ಎತ್ತರ 150 ಇಟ್ಟರೆ 3200 ಸಮನಾಗಿ ಭಾಗವಾಗುವುದಿಲ್ಲ. 160 ಇಟ್ಟರೆ ಸರಿಯಾಗಿ 20 ಏರು. ನಡುವೆ ಒಂದು ಲ್ಯಾಂಡಿಂಗ್ (ತಿರುಗುವ ಕಡೆಯ ಸಮತಟ್ಟು ಜಾಗ), ಈಚೆ ಹತ್ತು ಆಚೆ ಹತ್ತು. ಹತ್ತು ಏರಿಗೆ ಕಾಲಿಡುವ ಪಾವಟಿಗೆ ಒಂಬತ್ತು, ಏಕೆಂದರೆ ಹತ್ತನೆಯದು ಲ್ಯಾಂಡಿಂಗೇ ಆಗುತ್ತದೆ. ಪಾವಟಿಗೆ ಅಗಲ 280 ಎಂದರೆ 9 ಸಲ 280, ಒಟ್ಟು 2520. ಲ್ಯಾಂಡಿಂಗಿಗೆ 1200. ಕೂಡಿಸಿದರೆ 3720. ನಾನು ಪ್ಲ್ಯಾನಿನಲ್ಲಿ ಮೆಟ್ಟಿಲಿಗೆ ಬಿಟ್ಟಿದ್ದ ಜಾಗ 3400.

ಆ ಮೆಟ್ಟಿಲು ಕಟ್ಟಲು ಸಾಧ್ಯವೇ ಇರಲಿಲ್ಲ. ಆದರೂ ಆಟೋಕ್ಯಾಡಿನಲ್ಲಿ ಅದು ಎಷ್ಟು ಚೆನ್ನಾಗಿ ಕಾಣುತ್ತಿತ್ತು! ಒಂದಷ್ಟು ಅಡ್ಡಗೆರೆ, ಮೇಲಕ್ಕೆ ಒಂದು ಬಾಣ. ಗೆರೆ ಎಷ್ಟಿವೆ ಎಂದು ನಾನೂ ಎಣಿಸಿರಲಿಲ್ಲ, ತಿದ್ದಿದವರೂ ಎಣಿಸಿರಲಿಲ್ಲ. ಮಾಡೆಲ್ ಎಣಿಸಿತು.

ಅಂದು ಅರ್ಥವಾದದ್ದು ಇಷ್ಟು: ಗೊತ್ತಿಲ್ಲದ್ದನ್ನು ಗೆರೆಯ ಹಿಂದೆ ಬಚ್ಚಿಡಬಹುದು, ಮಾಡೆಲಿನಲ್ಲಿ ಆಗುವುದಿಲ್ಲ. ಗೋಡೆ ಹಾಕಿದ ತಕ್ಷಣ ಅದು ಎಲ್ಲಿಂದ ಶುರು, ಎಲ್ಲಿಗೆ ಮುಗಿಯಬೇಕು, ಸ್ಲ್ಯಾಬಿನ ಅಡಿಗೋ ಬೀಮಿನ ಅಡಿಗೋ ಎಂದು ಕೇಳುತ್ತದೆ. ಉತ್ತರ ನಿಮ್ಮ ಹತ್ತಿರ ಇರಬೇಕು. ಆ ಉತ್ತರಗಳು ಇರುವುದು ಬಿಲ್ಡಿಂಗ್ ಕನ್ಸ್ಟ್ರಕ್ಷನ್, ಸ್ಟ್ರಕ್ಚರ್ಸ್, ಎಸ್ಟಿಮೇಷನ್ ಪುಸ್ತಕಗಳಲ್ಲಿ. ಪರೀಕ್ಷೆಗೆಂದು ಓದಿ ಮರೆತಿದ್ದ ಆ ಪುಸ್ತಕಗಳನ್ನು ನಾನು ಮನಸ್ಸಿಟ್ಟು ಓದಿದ್ದು ಬಿಮ್ ಕಲಿಯತೊಡಗಿದ ಮೇಲೆ.

ಯಾವ ಸಾಫ್ಟ್‌ವೇರಿನಿಂದ ಶುರುಮಾಡಲಿ?

ಸಿವಿಲ್ ಅಥವಾ ಆರ್ಕಿಟೆಕ್ಚರ್ ಆದರೆ ರೆವಿಟ್. ಕೆಲಸದ ಜಾಹೀರಾತುಗಳಲ್ಲಿ ನಾನು ಹೆಚ್ಚು ಕಂಡದ್ದು ಅದರ ಹೆಸರನ್ನೇ. ಸ್ಟೀಲ್ ಕಟ್ಟಡ, ಕಂಬಿ ವಿವರ ಇತ್ಯಾದಿಗಳ ಮೇಲೆ ಆಸೆ ಇದ್ದರೆ ಟೆಕ್ಲಾ ಸ್ಟ್ರಕ್ಚರ್ಸ್ ನೋಡಿ, ಬೋಲ್ಟು ಬೆಸುಗೆಯವರೆಗೆ ಅದು ಇಳಿಯುತ್ತದೆ. ಹಲವರ ಮಾಡೆಲ್ ಒಟ್ಟುಗೂಡಿಸಿ ನೋಡಲು ನ್ಯಾವಿಸ್‌ವರ್ಕ್ಸ್.

ಒಂದನ್ನು ಆಳವಾಗಿ ಕಲಿಯಿರಿ. ರೆಸ್ಯೂಮೆಯಲ್ಲಿ ಎಂಟು ಸಾಫ್ಟ್‌ವೇರ್ ಹೆಸರು ಬರೆದು ಯಾವುದರಲ್ಲೂ ಒಂದು ಮೆಟ್ಟಿಲು ಸರಿಯಾಗಿ ಕೂರಿಸಲು ಬಾರದಿದ್ದರೆ ಏನೂ ಪ್ರಯೋಜನವಿಲ್ಲ.

ದುಡ್ಡು ಕೊಡದೆ ಕಲಿಯಬಹುದೇ?

ಖಂಡಿತ. ಆಟೋಡೆಸ್ಕ್ ವಿದ್ಯಾರ್ಥಿಗಳಿಗೆ ಒಂದು ವರ್ಷದ ಉಚಿತ ಲೈಸೆನ್ಸ್ ಕೊಡುತ್ತದೆ, ಓದುತ್ತಿರುವವರೆಗೆ ನವೀಕರಿಸಬಹುದು. ಅದರಲ್ಲಿ ಹಣಕ್ಕಾಗಿ ಕೆಲಸ ಮಾಡಿಕೊಡುವಂತಿಲ್ಲ, ಈ ನಿಯಮವನ್ನು ಗೌರವಿಸಿ. ಕಳ್ಳಪ್ರತಿ ಹಾಕಿಕೊಳ್ಳುವ ಅಗತ್ಯವೇ ಇಲ್ಲದಿರುವಾಗ ಅದರ ಗೋಜಿಗೆ ಯಾಕೆ ಹೋಗಬೇಕು?

ಪೂರ್ತಿ ಮುಕ್ತವಾದದ್ದೇ ಬೇಕೆಂದರೆ ಬ್ಲೆಂಡರ್ ಎಂಬ ಉಚಿತ 3ಡಿ ಸಾಫ್ಟ್‌ವೇರ್ ಜೊತೆ ಕೆಲಸ ಮಾಡುವ ಬೊನ್ಸಾಯ್ ಇದೆ. ಮೊದಲು ಅದರ ಹೆಸರು ಬ್ಲೆಂಡರ್‌ಬಿಮ್ ಎಂದಿತ್ತು. ಫ್ರೀಕ್ಯಾಡ್ ಕೂಡ ಇದೆ. ಬೇರೆ ಬೇರೆ ಬಿಮ್ ಸಾಫ್ಟ್‌ವೇರ್‌ಗಳ ನಡುವೆ ಮಾಡೆಲ್ ಸಾಗಿಸುವ ಐಎಫ್‌ಸಿ ಎಂಬ ಫೈಲ್ ರೂಪವನ್ನು ಒಳಹೊಕ್ಕು ತಿಳಿಯಲು ಬೊನ್ಸಾಯ್‌ಗಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ.

ಲ್ಯಾಪ್‌ಟಾಪ್ ಎಂಥದ್ದು ಬೇಕು?

ರೆವಿಟ್ ವಿಂಡೋಸ್‌ನಲ್ಲಿ ಮಾತ್ರ ಓಡುತ್ತದೆ, ಇದನ್ನು ಮೊದಲು ನೆನಪಿಡಿ. 16 ಜಿಬಿ ರ್‍ಯಾಮ್ ಇದ್ದರೆ ಕಾಲೇಜು ಮಟ್ಟದ ಮಾಡೆಲಿಗೆ ಸಾಕು. ಬೇರೆಯವರ ದೊಡ್ಡ ಮಾಡೆಲ್‌ಗಳನ್ನು ಲಿಂಕ್ ಮಾಡಿಕೊಂಡಾಗ 32 ಜಿಬಿ ನೆಮ್ಮದಿ. ಎಸ್ಎಸ್‌ಡಿ ಇರಲಿ. ಮೌಸ್ ಬೇಕೇ ಬೇಕು, ಟಚ್‌ಪ್ಯಾಡಿನಲ್ಲಿ ಈ ಕೆಲಸ ಆಗುವುದಲ್ಲ.

ಆಟೋಕ್ಯಾಡ್ ಬಂದಿರಲೇಬೇಕೇ?

ಬಂದರೆ ಒಳ್ಳೆಯದು, ಬಾರದಿದ್ದರೂ ನಡೆಯುತ್ತದೆ. ನಿಜ ಹೇಳಬೇಕೆಂದರೆ ಆಟೋಕ್ಯಾಡಿನಲ್ಲಿ ಚೆನ್ನಾಗಿ ಪಳಗಿದವರಿಗೆ ಮೊದಮೊದಲು ಇಲ್ಲಿ ಕಷ್ಟವೇ ಹೆಚ್ಚು. ಅವರ ಕೈ ಗೆರೆ ಹುಡುಕುತ್ತದೆ, ಇಲ್ಲಿ ಗೆರೆ ಎಳೆಯುವುದು ಕೊನೆಯ ಉಪಾಯ. ಆದರೆ ಸರ್ವೆಯವರು, ಸಣ್ಣ ಕನ್ಸಲ್ಟೆಂಟ್‌ಗಳು ಕಳಿಸುವ ಫೈಲ್ ಇಂದಿಗೂ ಆಟೋಕ್ಯಾಡಿನ ಫೈಲ್ ರೂಪವಾದ ಡಿಡಬ್ಲ್ಯೂಜಿಯಲ್ಲೇ ಬರುತ್ತದೆ. ತೆರೆದು, ಬೇಡದ ಲೇಯರ್ ತೆಗೆದು, ಶುಚಿಮಾಡಿ ಲಿಂಕ್ ಮಾಡುವಷ್ಟು ಗೊತ್ತಿರಲಿ.

ಕಲಿಕೆಯಲ್ಲಿ ನೀವು ಮಾಡಿದ ದೊಡ್ಡ ತಪ್ಪು ಯಾವುದು?

ಎರಡು ಹೇಳುತ್ತೇನೆ.

ಮೊದಲನೆಯದು ಲೆವೆಲ್, ಅಂದರೆ ಮಹಡಿಯ ಎತ್ತರವನ್ನು ಗುರುತಿಸುವ ಗೆರೆ, ಅಳಿಸಿದ್ದು. ಸೆಕ್ಷನ್ ನೋಡುವಾಗ ಒಂದು ಲೆವೆಲ್ ಗೆರೆ ಸುಮ್ಮನೆ ಹೆಚ್ಚುವರಿಯಾಗಿ ಇದೆ ಅನಿಸಿತು, ಡಿಲೀಟ್ ಒತ್ತಿದೆ. ಒಂದು ಎಚ್ಚರಿಕೆಯ ಪೆಟ್ಟಿಗೆ ಬಂತು, ಓದದೆ ಓಕೆ ಕೊಟ್ಟೆ, ಸೇವ್ ಮಾಡಿ ಮಲಗಿದೆ. ಬೆಳಿಗ್ಗೆ ತೆರೆದರೆ ಎರಡನೇ ಮಹಡಿಯ ಗೋಡೆಗಳೇ ಇಲ್ಲ. ಅವೆಲ್ಲ ಆ ಲೆವೆಲನ್ನೇ ಆಧಾರವಾಗಿ ಹಿಡಿದು ನಿಂತಿದ್ದವು. ಅಡಿಪಾಯ ಕಿತ್ತರೆ ಗೋಡೆ ಉಳಿಯುತ್ತದೆಯೇ? ಎಲ್ಲ ಹೋಯಿತೆಂದು ತಲೆಮೇಲೆ ಕೈಹೊತ್ತು ಕೂತಿದ್ದಾಗ ಸೀನಿಯರ್ ಒಬ್ಬರು ಫೋಲ್ಡರ್ ತೆರೆದು, ಹೆಸರಿನ ಕೊನೆಗೆ 0001, 0002 ಎಂದಿರುವ ಫೈಲ್‌ಗಳನ್ನು ತೋರಿಸಿದರು. ಪ್ರತಿ ಸಲ ಸೇವ್ ಮಾಡಿದಾಗ ರೆವಿಟ್ ಹಿಂದಿನ ಪ್ರತಿಯನ್ನು ಹಾಗೆ ಎತ್ತಿಟ್ಟಿರುತ್ತದೆ. ಅದರಿಂದ ಬಚಾವಾದೆ. ಅಂದಿನಿಂದ ಎಚ್ಚರಿಕೆಯ ಪೆಟ್ಟಿಗೆಯ ಒಂದೊಂದು ಸಾಲನ್ನೂ ಓದುತ್ತೇನೆ.

ಎರಡನೆಯದು ಕಾಂಕ್ರೀಟ್ ಲೆಕ್ಕದ್ದು, ಅದು ಇನ್ನೂ ಗಂಭೀರ. ಪ್ರಾಜೆಕ್ಟಿಗೆ ನಾಲ್ಕು ಮಹಡಿಯ ಕಟ್ಟಡ ಮಾಡಿ, ಶೆಡ್ಯೂಲ್ (ಮಾಡೆಲಿನಿಂದ ತಾನಾಗಿ ಬರುವ ಪ್ರಮಾಣದ ಪಟ್ಟಿ) ತೆಗೆದು, ಒಟ್ಟು ಕಾಂಕ್ರೀಟ್ ಇಷ್ಟು ಎಂದು ಹೆಮ್ಮೆಯಿಂದ ತೋರಿಸಿದೆ. ನಮ್ಮ ಮೇಷ್ಟ್ರು ಕೇಳಿದ್ದು ಒಂದೇ ಪ್ರಶ್ನೆ: "ಸ್ಲ್ಯಾಬ್ ಮತ್ತು ಕಾಲಂ ಸೇರುವ ಜಾಗದ ಕಾಂಕ್ರೀಟ್ ಯಾರ ಲೆಕ್ಕಕ್ಕೆ ಹೋಗಿದೆ?" ನನಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಅವರೇ ಕಾಗದ ತೆಗೆದುಕೊಂಡು ಬರೆದರು. ಕಾಲಂ 300ಕ್ಕೆ 600 ಮಿಲಿಮೀಟರ್, ಸ್ಲ್ಯಾಬ್ ದಪ್ಪ 150. ಎರಡೂ ಒಂದರೊಳಗೊಂದು ಹೊಕ್ಕಿರುವ ಭಾಗ 0.027 ಘನ ಮೀಟರ್. 24 ಕಾಲಂ, ನಾಲ್ಕು ಮಹಡಿ, ಅಂದರೆ 96 ಕಡೆ. ಒಟ್ಟು 2.59 ಘನ ಮೀಟರ್. ಒಂದರೊಳಗೊಂದು ಹೊಕ್ಕ ಭಾಗಗಳನ್ನು ಬೆಸೆಯುವ ಜಾಯಿನ್ ಜಿಯೊಮೆಟ್ರಿ ಕಮಾಂಡನ್ನು ನಾನು ಬಳಸಿರಲಿಲ್ಲವಾದ್ದರಿಂದ ಅಷ್ಟೂ ಎರಡೆರಡು ಸಲ ಎಣಿಕೆಯಾಗಿತ್ತು. ಬೀಮ್‌ಗಳ ಕಥೆ ಇನ್ನೂ ದೊಡ್ಡದು. ಬೀಮಿನ ಮೇಲಿನ 150 ಮಿಲಿಮೀಟರ್ ಸ್ಲ್ಯಾಬಿನೊಳಗೇ ಇರುತ್ತದಲ್ಲ, ಬೀಮ್ ಅಗಲ 230 ಇದ್ದು ಒಂದು ಮಹಡಿಯಲ್ಲಿ ಒಟ್ಟು ಉದ್ದ 100 ಮೀಟರ್ ಎಂದುಕೊಂಡರೆ 3.45 ಘನ ಮೀಟರ್, ಬರೀ ಒಂದು ಮಹಡಿಗೆ.

ಶೆಡ್ಯೂಲ್ ಕೊಟ್ಟ ಅಂಕಿ ಪಾಯಿಂಟಿನ ನಂತರ ಎರಡು ಸ್ಥಾನದವರೆಗೆ ಅಚ್ಚುಕಟ್ಟಾಗಿ ಬಂದಿರುತ್ತದೆ, ಅದನ್ನು ನೋಡಿದರೆ ಅನುಮಾನವೇ ಬರುವುದಿಲ್ಲ. ಈಗ ಯಾವ ಮಾಡೆಲಿನಿಂದ ಪ್ರಮಾಣ ತೆಗೆದರೂ ಒಂದು ಬೇ (ಕಾಲಂಗಳ ನಡುವಿನ ಒಂದು ಅಂಕಣ) ಮಾತ್ರ ಆರಿಸಿಕೊಂಡು ಕೈಲೆಕ್ಕ ಹಾಕುತ್ತೇನೆ. ಹತ್ತು ನಿಮಿಷದ ಕೆಲಸ. ಎರಡೂ ತಾಳೆಯಾದರೆ ಮಾತ್ರ ಮುಂದಕ್ಕೆ.

ಫ್ಯಾಮಿಲಿ ಎಂದರೆ ಏನು? ಎಲ್ಲರೂ ಅದೇ ಕಷ್ಟ ಎನ್ನುತ್ತಾರಲ್ಲ?

ರೆವಿಟ್‌ನಲ್ಲಿ ಪ್ರತಿ ವಸ್ತುವೂ ಒಂದು ಫ್ಯಾಮಿಲಿಗೆ, ಅಂದರೆ ಒಂದೇ ಬಗೆಯ ವಸ್ತುಗಳ ಗುಂಪಿಗೆ, ಸೇರಿದ್ದು. ಗೋಡೆ, ಸ್ಲ್ಯಾಬ್, ಛಾವಣಿ ಸಾಫ್ಟ್‌ವೇರಿನೊಳಗೇ ಇರುತ್ತವೆ, ಇವು ಸಿಸ್ಟಮ್ ಫ್ಯಾಮಿಲಿ. ಬಾಗಿಲು, ಕಿಟಕಿ, ಕಾಲಂ, ಪಂಪು ಹೊರಗಿನಿಂದ ತಂದು ಹಾಕುವಂಥವು, ಇವು ಲೋಡಬಲ್. ಒಂದೇ ಕಡೆ ಬೇಕಾಗುವ ವಿಚಿತ್ರ ಆಕಾರಕ್ಕೆ ಇನ್-ಪ್ಲೇಸ್.

ಫ್ಯಾಮಿಲಿ ಮಾಡುವುದು ಕಷ್ಟವಲ್ಲ, ತಾಳ್ಮೆಯ ಕೆಲಸ. ಮೊದಲು ರೆಫರೆನ್ಸ್ ಪ್ಲೇನ್ (ಆಕಾರಕ್ಕೆ ಆಧಾರವಾಗುವ ಗೆರೆಗಳು), ಆಮೇಲೆ ಅಳತೆ, ಅಳತೆಗೆ ಹೆಸರು, ಅಳತೆಯ ಅಂಕಿ ಬದಲಿಸಿ ಸರಿಯಾಗಿ ಹಿಗ್ಗಿ ಕುಗ್ಗುತ್ತದೆಯೇ ಎಂದು ನೋಡುವುದು, ಕೊನೆಗೆ ಆಕಾರ. ನಾವು ಆಕಾರದಿಂದ ಶುರುಮಾಡುತ್ತೇವೆ, ಅಳತೆ ಬದಲಿಸಿದ ಕೂಡಲೇ ಮುರಿದುಬೀಳುತ್ತದೆ. ಒಂದು ಸಾದಾ ಕಿಟಕಿಯನ್ನು ಅಗಲ, ಎತ್ತರ, ಚೌಕಟ್ಟಿನ ದಪ್ಪ ಮೂರೂ ಬದಲಾಗುವಂತೆ ಮಾಡಿ. ಅಷ್ಟು ಬಂದರೆ ಉಳಿದದ್ದೆಲ್ಲ ಅದರ ವಿಸ್ತಾರವೇ.

ಎಲ್‌ಒಡಿ 300, ಎಲ್‌ಒಡಿ 400 ಎನ್ನುತ್ತಾರಲ್ಲ, ಹಾಗೆಂದರೆ?

ಎಲ್‌ಒಡಿ ಎಂದರೆ ಲೆವೆಲ್ ಆಫ್ ಡೆವಲಪ್‌ಮೆಂಟ್, ಮಾಡೆಲಿನಲ್ಲಿರುವ ಒಂದು ವಸ್ತುವನ್ನು ಎಷ್ಟರಮಟ್ಟಿಗೆ ನಂಬಬಹುದು ಎನ್ನುವ ಅಳತೆ. 100 ಎಂದರೆ ಇಲ್ಲೊಂದು ಏನೋ ಬರುತ್ತದೆ ಎನ್ನುವ ಸೂಚನೆ. 200 ಎಂದರೆ ಅಂದಾಜು ಗಾತ್ರ, ಅಂದಾಜು ಜಾಗ. 300 ಎಂದರೆ ಗಾತ್ರ, ಸ್ಥಳ ನಿಖರ. 350ರಲ್ಲಿ ಅಕ್ಕಪಕ್ಕದ ವಸ್ತುಗಳ ಜೊತೆ ಹೇಗೆ ಸೇರುತ್ತದೆ ಎನ್ನುವುದೂ ಇರುತ್ತದೆ. 400 ಎಂದರೆ ಅದನ್ನು ನೋಡಿಯೇ ಕಾರ್ಖಾನೆಯಲ್ಲಿ ತಯಾರಿಸಬಹುದು. 500 ಎಂದರೆ ಕಟ್ಟಿದ ಮೇಲೆ ಜಾಗದಲ್ಲೇ ಅಳೆದು ತಾಳೆನೋಡಿದ್ದು.

ಇಲ್ಲಿ ಎಲ್ಲರೂ ಎಡವುವ ಒಂದು ಜಾಗ ಇದೆ. "ನಮ್ಮ ಮಾಡೆಲ್ ಎಲ್‌ಒಡಿ 300" ಎಂಬ ಮಾತಿಗೆ ಅರ್ಥ ಕಡಿಮೆ. ಎಲ್‌ಒಡಿ ಇರುವುದು ಒಂದೊಂದು ವಸ್ತುವಿಗೆ, ಇಡೀ ಮಾಡೆಲಿಗಲ್ಲ. ಅದೇ ಫೈಲಿನಲ್ಲಿ ಬೀಮ್ 350ರಲ್ಲಿರಬಹುದು, ಕುರ್ಚಿ 200ರಲ್ಲಿ ಇರಬಹುದು. ಬಾಗಿಲಿನ ಹಿಡಿಕೆಯ ತಿರುಪಿನವರೆಗೂ ಮಾಡೆಲ್ ಮಾಡಿದರೆ ಫೈಲ್ ಭಾರವಾಗುತ್ತದೆಯೇ ಹೊರತು ಕಟ್ಟಡ ಚೆನ್ನಾಗುವುದಿಲ್ಲ.

ಕ್ಲ್ಯಾಶ್ ಡಿಟೆಕ್ಷನ್ ನಿಜಕ್ಕೂ ಹೇಗಿರುತ್ತದೆ? ಬಟನ್ ಒತ್ತಿದರೆ ಬಂದುಬಿಡುತ್ತದಂತೆ?

ಕ್ಲ್ಯಾಶ್ ಎಂದರೆ ಮಾಡೆಲಿನಲ್ಲಿ ಎರಡು ವಸ್ತು ಒಂದೇ ಜಾಗದಲ್ಲಿ ಡಿಕ್ಕಿಯಾಗುವುದು. ಅಂಥವುಗಳ ಪಟ್ಟಿ ಬರುತ್ತದೆ, ಪರಿಹಾರ ಬರುವುದಿಲ್ಲ. ಇಂಟರ್ನ್‌ಶಿಪ್ಪಿನ ಮೊದಲ ವಾರ ಸ್ಟ್ರಕ್ಚರ್ ಮಾಡೆಲ್, ಪ್ಲಂಬಿಂಗ್ ಮಾಡೆಲ್ ಎರಡನ್ನೂ ನ್ಯಾವಿಸ್‌ವರ್ಕ್ಸ್‌ಗೆ ಹಾಕಿ ಓಡಿಸಿದೆ. ಸಾವಿರಕ್ಕೂ ಮೇಲೆ ಕ್ಲ್ಯಾಶ್ ಬಂದವು. ಹೆದರಿ ಸೀನಿಯರ್ ಹತ್ತಿರ ಓಡಿದೆ. ಅವರು ಸಮಾಧಾನದಿಂದ ಗುಂಪು ಮಾಡಲು ಹೇಳಿದರು. ಒಂದೇ ಪೈಪು ಉದ್ದಕ್ಕೂ ಹನ್ನೆರಡು ಬೀಮಿಗೆ ತಾಗಿದರೆ ಅದು ಹನ್ನೆರಡು ಸಮಸ್ಯೆ ಅಲ್ಲ, ಒಂದೇ. ಪೈಪು ಸ್ಲ್ಯಾಬನ್ನು ಹಾದುಹೋಗಲೇಬೇಕಾದ ಕಡೆ ಬಂದ ಕ್ಲ್ಯಾಶ್ ಸಮಸ್ಯೆಯೇ ಅಲ್ಲ, ಅಲ್ಲಿ ಸ್ಲೀವ್ (ಪೈಪು ಹಾಯಲು ಮೊದಲೇ ಇಡುವ ಕೊಳವೆ) ಇದ್ದರಾಯಿತು. ಹೀಗೆ ಸೋಸುತ್ತಾ ಹೋದಾಗ ಸಂಜೆಗೆ ನಿಜವಾಗಿ ಯಾರಾದರೂ ಕೂತು ಯೋಚಿಸಬೇಕಾದವು ಬೆರಳೆಣಿಕೆಯಷ್ಟು ಉಳಿದವು.

ಅದರಲ್ಲಿ ಒಂದನ್ನು ಮರೆಯಲಾರೆ. ಒಂದು ಶೌಚಾಲಯದಿಂದ ಶಾಫ್ಟಿಗೆ (ಪೈಪುಗಳು ಮೇಲಿನಿಂದ ಕೆಳಗಿಳಿಯುವ ಕಿಂಡಿಗೆ) ಹೋಗುವ 110 ಮಿಲಿಮೀಟರ್ ಪೈಪು, ಎಂಟು ಮೀಟರ್ ಉದ್ದ. 80ಕ್ಕೆ 1ರ ಇಳಿಜಾರು, ಅಂದರೆ ಎಂಟು ಮೀಟರಿನಲ್ಲಿ 100 ಮಿಲಿಮೀಟರ್ ಇಳಿಯುತ್ತದೆ. ದಾರಿಯಲ್ಲಿ 600 ಆಳದ ಬೀಮ್. ಪೈಪನ್ನು ಬೀಮಿನ ಕೆಳಗೆ ತಂದರಾಯಿತು ಎಂದು ನಾನು ಸುಲಭವಾಗಿ ಹೇಳಿದೆ. ಸೀನಿಯರ್ ಲೆಕ್ಕ ಹಾಕಲು ಹೇಳಿದರು. ನೆಲದಿಂದ ಮೇಲಿನ ಸ್ಲ್ಯಾಬಿನ ನೆತ್ತಿ 3200, ಬೀಮಿನ ತಳ 2600. ಅದರ ಕೆಳಗೆ ಪೈಪು 110, ಇಳಿಜಾರು 100. ಶಾಫ್ಟ್ ಹತ್ತಿರ ಪೈಪಿನ ತಳ 2390. ಫಾಲ್ಸ್ ಸೀಲಿಂಗ್ ಇರಬೇಕಾದದ್ದು 2400ರಲ್ಲಿ. ಪೈಪು ಸೀಲಿಂಗಿನಿಂದ ಹತ್ತು ಮಿಲಿಮೀಟರ್ ಕೆಳಗೆ ಇಣುಕುತ್ತಿತ್ತು, ಹ್ಯಾಂಗರ್ ಲೆಕ್ಕ ಇನ್ನೂ ಹಿಡಿದೇ ಇರಲಿಲ್ಲ.

ಬೀಮ್ ಕೊರೆಯಬಹುದೇ? ಸ್ಟ್ರಕ್ಚರಲ್ ಎಂಜಿನಿಯರ್ ಒಪ್ಪಿದ ಜಾಗದಲ್ಲಿ, ಒಪ್ಪಿದ ಗಾತ್ರದಲ್ಲಿ, ಕಾಂಕ್ರೀಟ್ ಹಾಕುವ ಮೊದಲೇ ಸ್ಲೀವ್ ಇಟ್ಟರೆ ಮಾತ್ರ. ಆಸರೆಯ ಹತ್ತಿರ ಶಿಯರ್ (ಕತ್ತರಿಸುವ ಬಲ) ಹೆಚ್ಚಿರುವ ಕಡೆ ತೂತು ಎಂದರೆ ಅವರು ಸಾಧ್ಯವಿಲ್ಲ ಎಂದುಬಿಡುತ್ತಾರೆ. ಕೊನೆಗೆ ಆರ್ಕಿಟೆಕ್ಟ್, ಪ್ಲಂಬಿಂಗ್, ಸ್ಟ್ರಕ್ಚರ್ ಮೂವರೂ ಮಾಡೆಲ್ ಮುಂದೆ ಕೂತು, ಇನ್ನೊಂದು ಮೂಲೆಗೆ ಶಾಫ್ಟ್ ಸರಿಸಿದರು. ಪೈಪಿನ ಉದ್ದ ಮೂರು ಮೀಟರಿಗೆ ಇಳಿಯಿತು, ಬೀಮ್ ದಾಟುವ ಪ್ರಮೇಯವೇ ಬರಲಿಲ್ಲ. ಇದೇ ಸಂಗತಿ ಸೈಟಿನಲ್ಲಿ ಗೊತ್ತಾಗಿದ್ದರೆ ಯಾರೋ ಡ್ರಿಲ್ ಹಿಡಿದು ಬೀಮಿನ ಕಂಬಿ ಕತ್ತರಿಸಿರುತ್ತಿದ್ದರು.

ಆ ಮಧ್ಯಾಹ್ನ ನನ್ನ ಪಾತ್ರ ಚಿಕ್ಕದು, ಸೆಕ್ಷನ್ ತಿರುಗಿಸಿ ತೋರಿಸಿದ್ದು ಅಷ್ಟೇ. ಆದರೆ ಈ ಕೆಲಸದಲ್ಲೇ ಇರಬೇಕು ಎಂದು ನಾನು ನಿರ್ಧಾರ ಮಾಡಿದ್ದು ಅಂದೇ.

ಐಎಫ್‌ಸಿ ಕಲಿಯಲೇಬೇಕೇ?

ಹೌದು, ಮತ್ತು ಬಹಳ ಜನ ಬಿಟ್ಟುಬಿಡುವುದೂ ಇದನ್ನೇ. ಒಬ್ಬರು ರೆವಿಟ್‌ನಲ್ಲಿ, ಇನ್ನೊಬ್ಬರು ಆರ್ಕಿಕ್ಯಾಡಿನಲ್ಲಿ, ಮತ್ತೊಬ್ಬರು ಟೆಕ್ಲಾದಲ್ಲಿ ಇದ್ದಾಗ ಅವರ ನಡುವಿನ ಸಾಮಾನ್ಯ ಭಾಷೆ ಐಎಫ್‌ಸಿ. ಬಿಲ್ಡಿಂಗ್‌ಸ್ಮಾರ್ಟ್ ಸಂಸ್ಥೆ ಅದನ್ನು ನೋಡಿಕೊಳ್ಳುತ್ತದೆ, 2013ರಲ್ಲಿ ಅದು ಐಎಸ್ಒ 16739 ಎಂಬ ಮಾನದಂಡವಾಯಿತು. ನಿಮ್ಮ ಮಾಡೆಲನ್ನು ಐಎಫ್‌ಸಿಗೆ ಕಳಿಸಿ, ಒಂದು ಉಚಿತ ವ್ಯೂವರ್‌ನಲ್ಲಿ ತೆರೆದು ನೋಡಿ. ನೀವು ಬೀಮ್ ಎಂದುಕೊಂಡದ್ದು ಅಲ್ಲಿ ಹೆಸರಿಲ್ಲದ ಪ್ರಾಕ್ಸಿ (ಏನೆಂದು ಗುರುತಿಲ್ಲದ ವಸ್ತು) ಆಗಿ ಕೂತಿದ್ದರೆ, ಮೂಲದಲ್ಲೇ ತಪ್ಪು ಕೆಟಗರಿಯಲ್ಲಿ ಮಾಡಿದ್ದೀರಿ ಎಂದರ್ಥ. ಎಷ್ಟೋ ತಪ್ಪು ನನಗೆ ತಿಳಿದದ್ದು ಈ ಕನ್ನಡಿಯಲ್ಲೇ.

ತಂಡದಲ್ಲಿ ಕೆಲಸ ಮಾಡುವುದು ಕಾಲೇಜಿನಲ್ಲಿ ಹೇಗೆ ಕಲಿಯುವುದು?

ಮೂವರು ಗೆಳೆಯರು ಸೇರಿ. ಒಬ್ಬರು ಆರ್ಕಿಟೆಕ್ಚರ್, ಒಬ್ಬರು ಸ್ಟ್ರಕ್ಚರ್, ಒಬ್ಬರು ಪ್ಲಂಬಿಂಗ್ ಮಾಡಿ, ಲಿಂಕ್ ಮಾಡಿಕೊಳ್ಳಿ. ಮೊದಲ ದಿನವೇ ಮೂರು ವಿಷಯ ಒಪ್ಪಂದವಾಗಲಿ: ಸಾಫ್ಟ್‌ವೇರಿನ ವರ್ಷ, ಮೂಲಬಿಂದು (ಎಲ್ಲ ಅಳತೆ ಶುರುವಾಗುವ ಜಾಗ), ಫೈಲಿನ ಹೆಸರು. ಹೊಸ ವರ್ಷದ ರೆವಿಟ್‌ನಲ್ಲಿ ಸೇವ್ ಮಾಡಿದ ಫೈಲ್ ಹಳೆಯದರಲ್ಲಿ ತೆರೆಯುವುದೇ ಇಲ್ಲ, ನಮ್ಮ ಗುಂಪಿನ ಒಂದು ಇಡೀ ವಾರ ಇದರಲ್ಲೇ ಹೋಯಿತು. ಮೂಲಬಿಂದು ಒಪ್ಪಂದವಾಗದಿದ್ದರೆ ಕಟ್ಟಡ ಒಂದು ಕಡೆ, ಅದರ ಪೈಪುಗಳು ಇನ್ನೊಂದು ಕಡೆ ಗಾಳಿಯಲ್ಲಿ ತೇಲುತ್ತಿರುತ್ತವೆ. ಫೈಲಿನ ಹೆಸರಿನಲ್ಲಿ 'ಫೈನಲ್', 'ಫೈನಲ್ ಹೊಸದು' ಎನ್ನುವುದನ್ನು ಇಂದೇ ಬಿಡಿ.

ಐಎಸ್ಒ 19650 ಹೇಳುವ ಕ್ರಮವನ್ನು ಒಂದು ಸಾಮಾನ್ಯ ಹಂಚಿಕೆ ಫೋಲ್ಡರಿನಲ್ಲೇ ಅಭ್ಯಾಸ ಮಾಡಬಹುದು. ನಾಲ್ಕು ಫೋಲ್ಡರ್ ಇಡಿ: ಇನ್ನೂ ಕೆಲಸ ನಡೆಯುತ್ತಿರುವುದು, ಬೇರೆಯವರ ಜೊತೆ ಹಂಚಿಕೊಂಡದ್ದು, ಅಂತಿಮವೆಂದು ಹೊರಬಿಟ್ಟದ್ದು, ದಾಖಲೆಗೆ ಎತ್ತಿಟ್ಟದ್ದು. ಅರೆಬೆಂದ ಕೆಲಸವನ್ನು ಮೊದಲ ಫೋಲ್ಡರಿನಿಂದ ಆಚೆ ಬಿಡಬಾರದು, ಇಷ್ಟೇ ಅದರ ತಿರುಳು.

ಡೈನಮೋ, ಪೈಥಾನ್ ಬೇಕೇ?

ಡೈನಮೋ ರೆವಿಟ್‌ನ ಕೆಲಸಗಳನ್ನು ತಾನಾಗಿ ನಡೆಸುವ ಸಾಧನ, ಪೈಥಾನ್ ಕೋಡಿಂಗ್ ಭಾಷೆ. ಮೊದಲ ವರ್ಷ ಎರಡೂ ಬೇಡ. ಒಂದೇ ಕೆಲಸವನ್ನು ನೂರು ಸಲ ಮಾಡಿ ಕೈ ಸೋತಾಗ ತಾನಾಗಿಯೇ ಬೇಕೆನಿಸುತ್ತದೆ. ನನಗೆ ಹಾಗಾದದ್ದು ಬಾಗಿಲುಗಳಿಗೆ ಕೋಣೆಯ ಸಂಖ್ಯೆಗೆ ತಕ್ಕಂತೆ ನಂಬರ್ ಕೊಡುವಾಗ. ಒಂದು ದಿನ ಕೂತು ಡೈನಮೋದಲ್ಲಿ ಪುಟ್ಟ ಗ್ರಾಫ್ ಕಟ್ಟಿದೆ, ಮುಂದಿನ ಸಲ ಕ್ಷಣದಲ್ಲಿ ಮುಗಿಯಿತು. ಬೇಸರ ಹುಟ್ಟಿದ ಕಡೆಯಿಂದ ಕಲಿತ ಕೋಡಿಂಗ್ ಮರೆಯುವುದಿಲ್ಲ.

ಸರ್ಟಿಫಿಕೇಟ್ ಇದ್ದರೆ ಕೆಲಸ ಸಿಗುತ್ತದೆಯೇ?

ಸರ್ಟಿಫಿಕೇಟ್ ಅರ್ಜಿಯನ್ನು ಮೇಜಿನವರೆಗೆ ತಲುಪಿಸೀತು. ನನ್ನ ಸಂದರ್ಶನದಲ್ಲಿ ಅದನ್ನು ಯಾರೂ ತಿರುಗಿಸಿ ನೋಡಲಿಲ್ಲ. ಕೇಳಿದ್ದು ಇಂಥವು: ಒಂದು ಕಾಲಂ 150 ಮಿಲಿಮೀಟರ್ ಸರಿದರೆ ಇನ್ನೇನೇನು ನೋಡಬೇಕು? ಕಮಾಂಡ್ ಹೆಸರು ಒಂದನ್ನೂ ಕೇಳಲಿಲ್ಲ. ನಾನು ಬೀಮಿನ ಸ್ಪ್ಯಾನ್, ಅಡಿಪಾಯದ ಕೇಂದ್ರ, ಪಕ್ಕದ ಬಾಗಿಲಿನ ಅಗಲ, ಪಾರ್ಕಿಂಗಿನಲ್ಲಿ ಕಾರು ತಿರುಗುವ ಜಾಗ ಎಂದೆಲ್ಲ ಹೇಳುತ್ತಾ ಹೋದೆ. "ಮೇಲಿನ ಮಹಡಿಯಲ್ಲೂ ಅದೇ ಕಾಲಂ ಇದೆಯಲ್ಲ?" ಎಂದು ನೆನಪಿಸಿದರು. ಅದೇ ನನಗೆ ಹೊಳೆದಿರಲಿಲ್ಲ.

ಪೋರ್ಟ್‌ಫೋಲಿಯೊದಲ್ಲಿ ಏನಿಡಲಿ?

ಸಂಜೆಯ ಬೆಳಕು, ಹುಲ್ಲುಹಾಸು, ಹೊಳೆಯುವ ಕಾರು ಇರುವ ರೆಂಡರ್ ಚಿತ್ರ ಒಂದಿದ್ದರೆ ಸಾಕು. ಎಂಜಿನಿಯರಿಂಗ್ ಕೆಲಸಕ್ಕೆ ಹೋಗುವವರು ತೋರಿಸಬೇಕಾದದ್ದು ಬೇರೆ. ಒಂದು ಸಮಸ್ಯೆಯ ಮೊದಲಿನ ಚಿತ್ರ, ಆಮೇಲಿನ ಚಿತ್ರ, ನಡುವೆ ಯಾಕೆ ಹಾಗೆ ಮಾಡಿದಿರಿ ಎಂಬ ನಾಲ್ಕು ಸಾಲು. ಅಳತೆ, ಟ್ಯಾಗ್, ಟೈಟಲ್ ಬ್ಲಾಕ್ ಎಲ್ಲ ಇರುವ ಒಂದು ಪೂರ್ಣ ಶೀಟ್. ಕೈಲೆಕ್ಕದ ಜೊತೆ ತಾಳೆನೋಡಿದ ಒಂದು ಪ್ರಮಾಣ ಪಟ್ಟಿ. ನನ್ನ ಪೋರ್ಟ್‌ಫೋಲಿಯೊದ ಮೊದಲ ಪುಟದಲ್ಲಿ ಆ 3400ರ ಮೆಟ್ಟಿಲೇ ಇದೆ, ತಪ್ಪಾಗಿದ್ದದ್ದೂ ಸರಿಮಾಡಿದ್ದೂ ಅಕ್ಕಪಕ್ಕ.

ಬಿಮ್‌ಗೆ ಬಂದರೆ ಜೀವನಪೂರ್ತಿ ಕಂಪ್ಯೂಟರ್ ಮುಂದೆಯೇ ಕೂರಬೇಕೇ? ಸೈಟ್ ತಪ್ಪಿಹೋಗುತ್ತದೆಯೇ?

ಸೈಟ್ ಬಿಟ್ಟರೆ ಮಾಡೆಲ್ ಕೆಡುತ್ತದೆ. ಸೆಂಟ್ರಿಂಗ್ ಹಲಗೆ ಹೇಗೆ ಕೂರಿಸುತ್ತಾರೆ, ಬೀಮ್ ಕಾಲಂ ಸೇರುವ ಗಂಟಿನಲ್ಲಿ ಕಂಬಿ ಎಷ್ಟು ಕಿಕ್ಕಿರಿದಿರುತ್ತದೆ, ಕಾಂಕ್ರೀಟನ್ನು ಅಲುಗಿಸಿ ಗಟ್ಟಿಯಾಗಿ ಕೂರಿಸುವ ವೈಬ್ರೇಟರ್ ಸೂಜಿ ಒಳಗೆ ಇಳಿಯುತ್ತದೋ ಇಲ್ಲವೋ, ಇದನ್ನೆಲ್ಲ ಕಣ್ಣಾರೆ ಕಾಣದವರು ತೆರೆಯ ಮೇಲೆ ಕಂಬಿ ಎಳೆದರೆ ಅದು ಕಟ್ಟಲಾಗದ ಚಿತ್ರವಾಗುತ್ತದೆ. ನನ್ನ ಮಾಡೆಲಿನ ಒಂದು ಗಂಟನ್ನು ಟ್ಯಾಬ್‌ನಲ್ಲಿ ನೋಡಿದ ಕಂಬಿ ಮೇಸ್ತ್ರಿಯೊಬ್ಬರು, "ಇದರೊಳಗೆ ನನ್ನ ಕೈ ಹೋಗಲ್ಲ" ಎಂದರು. ಮಾಡೆಲಿನಲ್ಲಿ ಕಂಬಿಗಳು ಒಂದಕ್ಕೊಂದು ತಾಗಿರಲಿಲ್ಲ, ಕ್ಲ್ಯಾಶ್ ಸೊನ್ನೆ ಇತ್ತು. ಆದರೆ ಕಟ್ಟುವವರ ಕೈಗೆ ಜಾಗ ಬಿಡಬೇಕೆಂದು ನನಗೆ ಯಾರೂ ಹೇಳಿರಲಿಲ್ಲ. ತಿಂಗಳಿಗೆ ಎರಡು ದಿನವಾದರೂ ಸೈಟಿಗೆ ಹೋಗಿ, ಅವರ ಮಾತು ಕೇಳಿ.

ಸಿವಿಲ್ ಅಲ್ಲದವರು ಬರಬಹುದೇ?

ಧಾರಾಳವಾಗಿ. ಗಾಳಿ, ನೀರು, ವಿದ್ಯುತ್ ಇವುಗಳ ಮಾಡೆಲಿಂಗಿಗೆ ಮೆಕ್ಯಾನಿಕಲ್, ಎಲೆಕ್ಟ್ರಿಕಲ್ ಓದಿದವರೇ ಬೇಕು. ಡಕ್ಟ್ ಗಾತ್ರ ಯಾಕೆ ಅಷ್ಟು ಎಂದು ನನಗಿಂತ ಅವರಿಗೆ ಚೆನ್ನಾಗಿ ಗೊತ್ತು.

ಎಷ್ಟು ತಿಂಗಳು ಬೇಕು?

ದಿನಕ್ಕೆ ಎರಡು ಗಂಟೆ ಕೊಟ್ಟರೆ ಮೂರು ತಿಂಗಳಲ್ಲಿ ಕೈ ಕೂರುತ್ತದೆ, ಆರು ತಿಂಗಳಲ್ಲಿ ಒಂದು ಕಟ್ಟಡವನ್ನು ಶೀಟಿನವರೆಗೆ ತರಬಹುದು. ಇದು ನನಗೆ ಹಿಡಿದ ಸಮಯ. ಬೇರೆಯವರ ವೇಗ ನೋಡಿ ಗಾಬರಿಯಾಗಬೇಡಿ.

ನಾಳೆಯೇ ಶುರುಮಾಡಬೇಕು. ಮೊದಲು ಏನು ಮಾಡಲಿ?

ಕಂಪ್ಯೂಟರ್ ಹಾಗೇ ಇರಲಿ, ಅಳತೆ ಟೇಪು ತೆಗೆದುಕೊಳ್ಳಿ. ನೀವಿರುವ ಕೋಣೆಯನ್ನು ಅಳೆಯಿರಿ. ಉದ್ದ, ಅಗಲ, ಎತ್ತರ, ಬಾಗಿಲು, ಕಿಟಕಿಯ ತಳ ನೆಲದಿಂದ ಎಷ್ಟು ಮೇಲಿದೆ, ಎಲ್ಲವನ್ನೂ. ಗೋಡೆಯ ದಪ್ಪವನ್ನು ಕಿಟಕಿಯ ಹತ್ತಿರ ಅಳೆಯಿರಿ. ನಾನು ಹಾಗೆ ಅಳೆದಾಗ ಡ್ರಾಯಿಂಗಿನಲ್ಲಿ 200 ಎಂದಿದ್ದ ಗೋಡೆ 230 ಬಂತು. ಟೇಪು ತಪ್ಪಿರಬೇಕು ಎಂದು ಮತ್ತೆ ಹಿಡಿದೆ, ಮತ್ತೆ 230. ಉಳಿದ 30 ಎರಡೂ ಬದಿಯ ಗಾರೆ, ಈಚೆ 15, ಆಚೆ 15. ಆ ಮೂರು ಪದರಗಳನ್ನು ಹಾಗೇ ಸಾಫ್ಟ್‌ವೇರಿನಲ್ಲಿ ಕೂರಿಸಿ ನೋಡಿ. ಎದುರುಬದುರು ಗೋಡೆಗಳ ಉದ್ದ ಒಂದೇ ಬರದಿದ್ದರೆ, ಮೂಲೆ ಸರಿಯಾಗಿ ಕೂಡದಿದ್ದರೆ ನಿಮ್ಮ ತಪ್ಪೆಂದು ಬಗೆಯಬೇಡಿ, ಟೇಪು ಹಿಡಿದು ಕರ್ಣದ ಅಳತೆಯನ್ನೂ ತೆಗೆದುಕೊಳ್ಳಿ. ನನ್ನ ಕೋಣೆಯ ಎರಡು ಕರ್ಣಗಳ ನಡುವೆ 40 ಮಿಲಿಮೀಟರ್ ವ್ಯತ್ಯಾಸ ಇತ್ತು.